ಆಫ್ ಮಾಡಬೇಡಿ, ಅಪ್‌ಡೇಟ್ ಆಗುತ್ತಿದೆ

ಮಧುಗಿರಿಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಸ್ಕ್ರೀನ್ ಒಡೆದುಕೊಂಡವರು, ಕೀಬೋರ್ಡಿಗೆ ಕಾಫಿ ಕುಡಿಸಿದವರು ನಿಧಾನವಾಗಿ ನಡೆದುಕೊಂಡು ಬರುತ್ತಾರೆ. ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡವರು ಮಾತ್ರ ಓಡಿಕೊಂಡೇ ಬರುತ್ತಾರೆ. ಹಳೆಯ ವರ್ಷನ್ ಇನ್ನು ನಡೆಯೋದಿಲ್ಲ, ಹೊಸದು ಹಾಕಲೇಬೇಕು ಅಂತಾದ ಮೇಲಂತೂ ಇಂಥದ್ದೊಂದು ನಡೆಯದ ವಾರವೇ ಇಲ್ಲ. ಆ ಹೊತ್ತಿಗೆ ನಗು ಬರೋದಿಲ್ಲ, ಬೆವರು ಬರುತ್ತೆ. ನಗು ಬರೋದು ಅವರೆಲ್ಲ ಮನೆಗೆ ಹೋದ ಮೇಲೆ.

ಬಸ್ಸಿನಲ್ಲಿ ಬಂದ ಪೇಷೆಂಟು

ಕೊರಟಗೆರೆ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿದರು. "ಮೇಡಂ, ಎಪ್ಪತ್ತಮೂರು ಪರ್ಸೆಂಟ್‌ಗೆ ನಿಂತ್ಬುಟ್ಟೈತೆ. ಆಫ್ ಮಾಡಬೇಡಿ ಅಂತ ತೋರಿಸ್ತೈತೆ. ಏನ್ ಮಾಡ್ಲಿ?"

ಮಕ್ಕಳಿಗೆ ಅರ್ಥವಾಗಲಿ ಅಂತ ತಾವೇ ಚಿತ್ರ ಬಿಡಿಸಿ, ತಾವೇ ದನಿ ಕೊಟ್ಟು ಮಾಡಿದ ವಿಜ್ಞಾನದ ಪಾಠಗಳೆಲ್ಲ ಅದರೊಳಗಿದ್ದವು. ಬೇರೆಲ್ಲೂ ಉಳಿಸಿಟ್ಟಿರಲಿಲ್ಲ. "ಆಫ್ ಮಾಡದೆ ಹಂಗೇ ತಗೊಂಡು ಬನ್ನಿ ಸರ್" ಅಂದೆ.

ಮುಚ್ಚಿದರೆ ಎಲ್ಲಿ ಆಫ್ ಆಗಿಬಿಡುತ್ತೋ ಎಂದು ಹೆದರಿ ಮೇಷ್ಟ್ರು ಲ್ಯಾಪ್‌ಟಾಪನ್ನು ತೆರೆದೇ ಎದೆಗವಚಿಕೊಂಡು ಬಸ್ ಹತ್ತಿದರಂತೆ. ಆ ಗಾಬರಿಯಲ್ಲಿ ಚಾರ್ಜರ್ ಮನೆಯಲ್ಲೇ ಉಳಿಯಿತು. ಬ್ಯಾಟರಿ ಇಳಿಯುತ್ತಾ ಬಂತು. ವಿಷಯ ಬಸ್ಸಿಗೆಲ್ಲ ಗೊತ್ತಾಯಿತು. ಹಂಪ್ ಬಂದಾಗಲೆಲ್ಲ ಕಂಡಕ್ಟರ್ "ನಿಧಾನಕ್ಕೋಗಣ್ಣ, ಪೇಷೆಂಟ್ ಐತೆ" ಅಂತ ಡ್ರೈವರಿಗೆ ಕೂಗುತ್ತಿದ್ದರಂತೆ. ಕಿಟಕಿಯ ಬಿಸಿಲಿಗೆ ನಂಬರ್ ಕಾಣಿಸದಿದ್ದಾಗ ಪಕ್ಕದ ಸೀಟಿನ ಅಜ್ಜಿಯೊಬ್ಬರು ಸೆರಗನ್ನೇ ಪರದೆಗೆ ಮರೆ ಹಿಡಿದು ಕೂತರಂತೆ.

ಬಸ್ ನಿಂತದ್ದೇ ಮೇಷ್ಟ್ರು, ಕಂಡಕ್ಟರ್, ಅಜ್ಜಿ ಮೂವರೂ ನನ್ನ ಅಂಗಡಿಗೆ ನುಗ್ಗಿದರು. ಬ್ಯಾಟರಿಯಲ್ಲಿ ಎಣ್ಣೆ ತೀರಿದ ದೀಪದಷ್ಟು ಜೀವ. ಓಡಿಹೋಗಿ ಚಾರ್ಜರ್ ಸಿಕ್ಕಿಸಿದೆ. ನಂಬರ್ ಕದಲಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಎಪ್ಪತ್ತನಾಲ್ಕು! ಒಮ್ಮೆ ಕದಲಿದ್ದೇ ತಡ, ಸರಸರ ಏರಿ ನೂರು ಮುಟ್ಟಿತು. ಪಾಠಗಳೆಲ್ಲ ಇದ್ದಲ್ಲೇ ಇದ್ದವು. ಮೇಷ್ಟ್ರು ಕಂಡಕ್ಟರನ್ನು ತಬ್ಬಿಕೊಂಡೇಬಿಟ್ಟರು.

ಸೆರಗು ಸರಿ ಮಾಡಿಕೊಳ್ಳುತ್ತಾ ಅಜ್ಜಿ ಸುತ್ತಮುತ್ತ ನೋಡಿದರು. "ಅದೇನೋ ಬದುಕ್ಕೊಂತು, ಒಳ್ಳೇದಾಯ್ತು ಕಣಪ್ಪ. ನಾನು ಇಳೀಬೇಕಾಗಿದ್ದ ಊರು ಎಲ್ಲೋಯ್ತು?"

ಜಾಗ ಸಾಲದು

ಸಿರಾದಲ್ಲಿ ಮದುವೆ ವಿಡಿಯೊ ಮಾಡುವ ಹುಡುಗನೊಬ್ಬ ಕರೆಸಿದ್ದ. ಅವನ ಎಡಿಟಿಂಗ್ ಸಾಫ್ಟ್‌ವೇರ್ ಆಪರೇಟಿಂಗ್ ಸಿಸ್ಟಮ್‌ನ ಹೊಸ ವರ್ಷನ್ ಇಲ್ಲದೆ ತೆರೆಯೋದಿಲ್ಲ. ಹೊಸ ವರ್ಷನ್ನೋ, ಜಾಗ ಸಾಲದು ಅಂತ ಒಳಗೇ ಬರೋದಿಲ್ಲ. ಸಂಜೆಗೆ ಮದುಮಗ ವಿಡಿಯೊ ತೆಗೆದುಕೊಂಡು ದುಬೈಗೆ ಹೊರಡಬೇಕು. ನಾನು ಅವಸರದಲ್ಲಿ ನನ್ನ ಹಾರ್ಡ್ ಡಿಸ್ಕ್ ಮಧುಗಿರಿಯಲ್ಲೇ ಬಿಟ್ಟು ಬಂದಿದ್ದೆ. ಏನಾದರೂ ತೆಗೆಯದೆ ಗತಿಯಿಲ್ಲ. ಆದರೆ ಏನನ್ನೂ ತೆಗೆಯಬಾರದೆಂದು ಮದುಮಗನ ತಾಯಿ ಸ್ಟುಡಿಯೊದಲ್ಲೇ ಕಾವಲು ಕೂತಿದ್ದರು.

"ಇದು ತೆಗೀಬಹುದಾ ಅಮ್ಮಾ?"

"ನಕ್ಕೋ ಬೇಟಿ, ತೆಗೀಬೇಡ, ಅದು ಮೆಹೆಂದಿ."

"ಇದು?"

"ಅದರಲ್ಲಿ ನಮ್ಮ ಭಾಯಿಜಾನ್ ಅಳ್ತಾರೆ. ಅವರು ಇನ್ನೊಂದು ಸಲ ಅಳೋರಲ್ಲ."

"ಬಿರಿಯಾನಿ ಹಂಡೆ ಇಳಿಸ್ತಿರೋದು?"

"ಅರೆ! ಅದಿಲ್ದೆ ಮದುವೆ ಅಂತ ಹೆಂಗೆ ಗೊತ್ತಾಗ್ತದೆ?"

ಹುಡುಗ ತಲೆ ಮೇಲೆ ಕೈಹೊತ್ತು ಕೂತ. ಮದುಮಗ ಫೋನ್ ಮೇಲೆ ಫೋನ್ ಮಾಡುತ್ತಿದ್ದ, ಕಾರು ಬಾಗಿಲಿಗೆ ಬಂದು ನಿಂತಿದೆಯಂತೆ. ಆಗ ಆ ತಾಯಿ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. "ಬೇಟಿ, ಬೀಗಿತ್ತಿ ಮಾತಾಡಿರೋದು ಒಂದಿದೆ. ಅದೊಂದು ತೆಗಿ. ಪೂರಾ ಡಬ್ಬಾನೇ ಖಾಲಿ ಆಗ್ತದೆ."

ತಮಾಷೆಗೆ ಹೇಳಿದರೇನೋ ಅಂದುಕೊಂಡು ನೋಡಿದೆ. ಹೆಣ್ಣಿನ ತಾಯಿ ಮಗಳಿಗೆ ಹೇಳಿದ ಹಾರೈಕೆಯ ಮಾತು. ಇಡೀ ಮದುವೆಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಫೈಲು! ಅಳಿಸಲು ಮನಸ್ಸಾಗದೆ, ಒಂದೇ ಫೈಲಿಗೆ ಸಾಲುವಷ್ಟು ಜಾಗವಿದ್ದ ಹುಡುಗನ ಫೋನಿಗೆ ಸಾಗಿಸಿದೆವು. ಅಪ್‌ಗ್ರೇಡ್ ತಕರಾರಿಲ್ಲದೆ ಒಳಗೆ ಬಂತು.

"ನಾನು ಹೇಳಿಲ್ವಾ?" ಅಂದರು ಮದುಮಗನ ತಾಯಿ. "ಅವರು ಎದ್ದರೆ ಸಾಕು, ಬೇರೆಯವರಿಗೆ ಕೂರೋಕೆ ಜಾಗ ಆಗ್ತದೆ."

ದೇವರ ಪಾಟ

ತೆಲುಗು ಬೆರೆಸಿ ಮಾತಾಡುವ, ಹಾಡಿಗೆ ಪಾಟ ಅನ್ನುವ ಪಾವಗಡದ ತಿರುಮಣಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಸೊಸೆ ಆಸ್ಪತ್ರೆಯ ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಆನ್‌ಲೈನ್ ಪರೀಕ್ಷೆ ಅವತ್ತೇ ಮಧ್ಯಾಹ್ನ. ಪರೀಕ್ಷೆಯ ಆ್ಯಪ್‌ಗೆ ಹೊಸ ವರ್ಷನ್ನೇ ಬೇಕು. ಲ್ಯಾಪ್‌ಟಾಪ್ ಎಲ್ಲವನ್ನೂ ಮಾಡಿದಂತೆ ಮಾಡಿ, ಕೊನೆಗೆ "ಆಗಲಿಲ್ಲ, ಹಳೆಯದಕ್ಕೆ ಹಿಂದಿರುಗುತ್ತಿದ್ದೇವೆ" ಅನ್ನುತ್ತಿತ್ತು.

ಆ್ಯಂಟಿವೈರಸ್ ತೆಗೆದೆ. ಬೇಡದ್ದೆಲ್ಲ ಅಳಿಸಿದೆ. ಡೌನ್‌ಲೋಡ್ ಕೆಟ್ಟಿರಬಹುದೆಂದು ಮತ್ತೆ ಇಳಿಸಿಕೊಂಡೆ. ಮತ್ತೆ ಅದೇ ಹಾಡು. ಸೊಸೆ ಹಾಲ್ ಟಿಕೆಟ್ ಹಿಡಿದು ಉಗುರು ಕಚ್ಚುತ್ತಿದ್ದಳು. "ಅಕ್ಕಾ, ಹೋದ್ಸಲ ಬಸ್ ಕೆಟ್ಟು ಪರೀಕ್ಷೆ ತಪ್ಪಿತು. ಈ ಸಲ ಮನೇಲೇ ಕೂತು ತಪ್ಪಿಸ್ಕೊಂಡ್ರೆ ಇವರೆಲ್ಲ ಏನಂತಾರೆ?" ಇನ್ನೊಂದೇ ಸಲಕ್ಕೆ ಸಮಯವಿತ್ತು. ಇನ್‌ಸ್ಟಾಲ್ ಒತ್ತಲು ಕೈ ಬರುತ್ತಿರಲಿಲ್ಲ.

ಅತ್ತೆ ಅಡುಗೆಮನೆಯಿಂದ ಸಿಡಿಮಿಡಿಗುಟ್ಟುತ್ತಾ ಬಂದರು. "ಏಮಮ್ಮಾ, ಇನ್ನೂ ಆಗ್ಲಿಲ್ವಾ? ಪೊದ್ದುನ್ನಿಂದ ಇಷ್ಟೊತ್ತಾದ್ರೂ ಮನೇಲಿ ದೇವರ ಪಾಟ ಇಲ್ಲ" ಅನ್ನುತ್ತಾ ಲ್ಯಾಪ್‌ಟಾಪಿನ ಪಕ್ಕಕ್ಕೆ ಕೈಹಾಕಿ ಏನೋ ಕಿತ್ತುಕೊಂಡು ಹೋದರು. ಉಗುರಿನಷ್ಟು ಚಿಕ್ಕ ಪೆನ್‌ಡ್ರೈವ್! ಕರಿ ಲ್ಯಾಪ್‌ಟಾಪಿಗೆ ಕರಿ ಪೆನ್‌ಡ್ರೈವ್ ಅಂಟಿಕೊಂಡಿದ್ದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಅದು ಅಲ್ಲಿರುವವರೆಗೂ ಅಪ್‌ಗ್ರೇಡ್ ಹೊರಗಿನ ಸಾಮಾನು ಯಾವುದು, ಮನೆಯದ್ದು ಯಾವುದು ಅಂತ ತಿಳಿಯದೆ ಹೆದರಿ ಹಿಂದೆ ಸರಿಯುತ್ತಿತ್ತು.

ಅಡುಗೆಮನೆಯ ಸ್ಪೀಕರಿನಲ್ಲಿ ಭಜನೆ ಗೋವಿಂದಾ ಅಂತ ಶುರುವಾಯಿತು. ನಾನು ಇನ್‌ಸ್ಟಾಲ್ ಒತ್ತಿದೆ. ಒಮ್ಮೆಯೂ ಮುಗ್ಗರಿಸದೆ ಮುಗಿಯಿತು. ಪರೀಕ್ಷೆಯ ಆ್ಯಪ್ ತೆರೆದಾಗ ಸೊಸೆ ಕುಣಿದೇಬಿಟ್ಟಳು.

ಬಾಗಿಲಲ್ಲಿ ನಿಂತ ಅತ್ತೆ ಸೌಟು ಎತ್ತಿ ನನಗೆ ಹೇಳಿದರು: "ಸೂಸ್ತಿವಾ ಅಮ್ಮಾ, ನೋಡಿದ್ಯಾ? ಭಜನೆ ಹಾಕಿದ್ಮೇಲೇ ಕದಲಿದ್ದು. ಇಷ್ಟೆಲ್ಲ ಓದಿದ್ದೀಯ, ಮೊದಲು ದೇವರ ಪಾಟ ಹಾಕ್ಬೇಕು ಅಂತ ಯಾರೂ ಹೇಳ್ಕೊಡ್ಲಿಲ್ವಾ?"

ಬೆರಳು ಸಾಲದಂತೆ

ಇದು ನಮ್ಮ ಮಧುಗಿರಿಯದ್ದೇ. ಒಬ್ಬ ಕಾಲೇಜು ಲೆಕ್ಚರರು, ಅವರ ಹೆಂಡತಿ, ಹೆಂಡತಿಯ ತಮ್ಮ ಮೂವರೂ ಆಟೋದಿಂದ ಹಾರಿ ಬಂದರು. ಈ ತಮ್ಮ ಕೆಲಸ ಹುಡುಕುತ್ತೇನೆಂದು ಅಕ್ಕನ ಮನೆಗೆ ಬಂದವನು, ಕೆಲಸ ಸಿಗುವವರೆಗೂ ಅಂತ ಅಲ್ಲೇ ಉಳಿದವನು. ಕೆಲಸವೂ ಅವನನ್ನು ಹುಡುಕಿಕೊಂಡು ಬಂದಿರಲಿಲ್ಲ.

ಲೆಕ್ಚರರಿಗೆ ಬಡ್ತಿಯ ಸಂದರ್ಶನ, ವಿಡಿಯೊದಲ್ಲಿ, ಇನ್ನು ಸ್ವಲ್ಪ ಹೊತ್ತಿಗೇ. ಹಿಂದಿನ ದಿನ ಅಪ್‌ಗ್ರೇಡ್‌ಗೆ ಹಾಕಿದ್ದರು. ಕೊನೆಯ ಹಂತಕ್ಕೆ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿ ನಿಂತುಬಿಟ್ಟಿತ್ತು. ಇಷ್ಟು ದಿನ ಬೆರಳಿಟ್ಟರೆ ತೆರೆದುಕೊಳ್ಳುತ್ತಿದ್ದುದರಿಂದ ಪಾಸ್‌ವರ್ಡ್ ಮರೆತೇಹೋಗಿತ್ತು. ಈಗ ಬೆರಳು ಸಾಲದಂತೆ.

"ಮರೆತವರಿಗೆ ಮೂರು ಪ್ರಶ್ನೆ ಕೇಳುತ್ತೆ ಸರ್. ಹಿಂದೆ ನೀವೇ ಕೊಟ್ಟ ಉತ್ತರ ಕೊಟ್ಟರೆ ಸಾಕು" ಅಂದೆ. ಬಾಮೈದ ಎಲ್ಲರಿಗೂ ಟೀ ತರಲು ಹೊರಗೆ ಹೋದ.

ಮೊದಲನೆಯದು ಹುಟ್ಟಿದ ಊರು. ಬರೆದರು, ಸರಿಹೋಯಿತು. ಎರಡನೆಯದು ಚಿಕ್ಕಂದಿನ ಅಡ್ಡಹೆಸರು. ನಾಚಿಕೊಂಡು ಬರೆದರು, ಅದೂ ಸರಿ. ಮೂರನೆಯದನ್ನು ಕಂಡದ್ದೇ ಲೆಕ್ಚರರ ಮುಖ ಸುಣ್ಣದಂತಾಯಿತು. ಹೆಂಡತಿ ಕನ್ನಡಕ ಏರಿಸಿಕೊಂಡು ಓದಿದರು. "ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು? ಅಲ್ಲಾ, ನೀವು ನಾಯೀನೂ ಸಾಕಿಲ್ಲ, ಬೆಕ್ಕೂ ಸಾಕಿಲ್ಲ. ಏನು ಬರ್ದಿದ್ರಿ?"

"ನೆನಪಾಗ್ತಿಲ್ಲ ಕಣೇ."

"ನೆನಪಾಗ್ದೇ ಇದ್ರೆ ಯಾಕಿಂಗೆ ಬೆವರ್ತಿದ್ದೀರಿ?"

ಫೋನ್ ಬಂತು. ಇವರಿಗಿಂತ ಮೊದಲಿನವರ ಸಂದರ್ಶನ ಮುಗಿಯುತ್ತಿದೆ, ಮುಂದಿನವರು ಇವರೇ. "ಸ್ವಲ್ಪ ನೀರು ತಗೊಂಡು ಬರ್ತೀಯಾ?" ಅಂದರು ಹೆಂಡತಿಗೆ. "ಮೇಡಂ ಟೇಬಲ್ ಮೇಲೇ ಬಾಟ್ಲಿ ಐತೆ" ಅಂದರು ಅವರು, ಒಂದಿಂಚೂ ಕದಲದೆ. ಬೇರೆ ದಾರಿಯಿಲ್ಲದೆ ಲೆಕ್ಚರರು ಕಣ್ಣು ಮುಚ್ಚಿ ದೇವರನ್ನು ನೆನೆದು, ಒಂದೊಂದೇ ಅಕ್ಷರ ಒತ್ತಿದರು. ಪರದೆಯ ಮೇಲೆ ಮೂಡಿದ್ದು ಬಾಮೈದನ ಹೆಸರು!

ಎಂಟರ್ ಒತ್ತಿದರು. ತಪ್ಪು ಉತ್ತರ ಅಂತ ಬಂತು. ಹೆಂಡತಿ ಗಂಡನ ಮುಖ ನೋಡಿದರು, ಪರದೆ ನೋಡಿದರು. ಆಮೇಲೆ ತಣ್ಣಗೆ ಹೇಳಿದರು: "ಸ್ಪೆಲ್ಲಿಂಗ್ ತಪ್ಪು. ಅವನ ಹೆಸರಿನ ಕೊನೇಲಿ ಇನ್ನೊಂದು 'ಎ' ಬರ್ತದೆ."

ಲೆಕ್ಚರರು ಅದನ್ನೂ ಸೇರಿಸಿದರು. ಬೀಗ ತೆರೆಯಿತು. ಸಂದರ್ಶನ ಚೆನ್ನಾಗಿಯೇ ಆಯಿತು, ಬಡ್ತಿಯೂ ಸಿಕ್ಕಿತು ಅಂತ ಆಮೇಲೆ ಕೇಳಿದೆ. ಆದರೆ ಆ ಗಳಿಗೆಯಲ್ಲಿ ಅವರಿಗೆ ಬಡ್ತಿಯ ಚಿಂತೆ ಇದ್ದಂತೆ ಕಾಣಲಿಲ್ಲ. ಯಾಕೆಂದರೆ ಅವರು ಎರಡನೇ ಸಲ ಎಂಟರ್ ಒತ್ತುವಾಗಲೇ ಬಾಮೈದ ಟೀ ಹಿಡಿದು ಹಿಂದೆ ಬಂದು ನಿಂತಿದ್ದ. ಪ್ರಶ್ನೆ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಉತ್ತರವಷ್ಟೇ ಬಿದ್ದಿತ್ತು. ಅವನು ಟೀ ಅಲ್ಲೇ ಇಟ್ಟು ಅಕ್ಕನ ಕೈ ಹಿಡಿದುಕೊಂಡ.

"ನೋಡಕ್ಕಾ, ನನ್ನೆಸರು ಹಾಕಿದ್ಮೇಲೇ ಓಪನ್ ಆಯ್ತು! ನಾನು ಊರಲ್ಲೆಲ್ಲ ಹೇಳ್ಕೊಂಡು ತಿರುಗ್ತಿರ್ಲಿಲ್ವಾ, ಭಾವ ನನ್ನ ಸಾಕ್ದಂಗೆ ಇನ್ಯಾರೂ ಸಾಕಲ್ಲ ಅಂತ!"