ಕುಂಕುಮ ಹಚ್ಚಿದ ಆ್ಯಪ್

ಅನುಮಾನಪಡುವುದಕ್ಕೇ ಸಂಬಳ ಎಣಿಸಿಕೊಳ್ಳುವವರು ಲೋಕದಲ್ಲಿ ಇಬ್ಬರು: ಪೊಲೀಸರು ಮತ್ತು ನಾನು. ಪೊಲೀಸರಿಗಾದರೂ ಜನ ಹೆದರುತ್ತಾರೆ, ನನಗೆ ಮನೆಯ ಬೆಕ್ಕೂ ಹೆದರುವುದಿಲ್ಲ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ನಾನು. ಪ್ರೋಗ್ರಾಮಿನ ಹೊಟ್ಟೆಯೊಳಗೆ ಕೆಟ್ಟದ್ದೇನಾದರೂ ಅಡಗಿ ಕೂತಿದೆಯೇ ಎಂದು ಅದನ್ನು ಓಡಿಸದೆ, ಬರೀ ಬಿಚ್ಚಿ ಓದಿ ಪತ್ತೆ ಮಾಡುವುದು ನನ್ನ ವಿಷಯ. ನಮ್ಮತ್ತೆಗೆ ತಿಳಿಯಲೆಂದು ಒಮ್ಮೆ, "ಅಕ್ಕಿ ಒಲೆ ಮ್ಯಾಲೆ ಇಡೋ ಮೊದ್ಲು ಮೊರದಾಗೆ ಹಾಕಿ ಕಲ್ಲು ಆರಿಸ್ತೀರಲ್ಲ, ಹಂಗೇ ಇದು" ಎಂದೆ. "ಅಷ್ಟಕ್ಕೆ ಎಂ.ಟೆಕ್ ಯಾಕ ಓದಬೇಕಿತ್ತು?" ಎಂದರು.

ಹರಿಹರದಲ್ಲಿರುವ ನಮ್ಮಕ್ಕನ ಮಗಳಿಗೆ ನಂದಿಗುಡಿಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಭಾವನದು ಗೊಬ್ಬರದ ಅಂಗಡಿ. ಊರಿಗೆಲ್ಲ ಬೇಕಾದವರು, ಜೊತೆಗೆ ಎಲ್ಲದರಲ್ಲೂ ತಾವೇ ಮೊದಲಿರಬೇಕೆಂಬ ಚಟ. ಕಾಗದದ ಲಗ್ನಪತ್ರಿಕೆ ಈಗ ಯಾರು ಓದುತ್ತಾರೆ ಎಂದು, ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಪತ್ರಿಕೆಯ ಆ್ಯಪ್ ಮಾಡಿಸಿದರು. ಅಂಗಡಿಯವನು ಎಲ್ಲಿಂದಲೋ ಪುಕ್ಕಟೆ ಸಿಕ್ಕಿದ್ದನ್ನು ಇಳಿಸಿ, ಹೆಸರು ಬದಲಿಸಿ ಕೊಟ್ಟ. ಒತ್ತಿದರೆ ಗಣಪತಿ ಬರುತ್ತಾನೆ, ನಾದಸ್ವರ ಮೊಳಗುತ್ತದೆ, ಕಲ್ಯಾಣ ಮಂಟಪಕ್ಕೆ ದಾರಿ ತೋರಿಸುತ್ತದೆ. ನಮ್ಮಲ್ಲಿ ಮೊದಲ ಪತ್ರಿಕೆ ದೇವರಿಗೆ. ಹಾಗಾಗಿ ಭಾವ ಫೋನನ್ನೇ ದೇವರ ಜಗಲಿ ಮೇಲಿಟ್ಟು, ಗಾಜಿನ ಮೂಲೆಮೂಲೆಗೆ ಅರಿಶಿನ-ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಆಮೇಲೆ ಒರೆಸಿಕೊಂಡು ನೆಂಟರಿಷ್ಟರಿಗೆಲ್ಲ ಕಳಿಸಿದರು.

ಎಲ್ಲರೂ ಒತ್ತಿದರು. ನಾನೊಬ್ಬಳು ಒತ್ತದೆ ಬಿಚ್ಚಿದೆ. ಏನು ಮಾಡಲಿ, ಹುಟ್ಟುಗುಣ. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸಾಲುಸಾಲಾಗಿ ಓದಿದೆ. ಗಣಪತಿ ಸರಿ, ನಾದಸ್ವರವೂ ಸರಿ. ಆದರೆ ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ಓದುವ ಅನುಮತಿ ಲಗ್ನಪತ್ರಿಕೆಗೆ ಯಾಕೆ? ನಂಬರು ಓದುವ ಸಾಲಿನ ಬೆನ್ನು ಹತ್ತಿದೆ. ಅದು ಓದಿದ್ದನ್ನು ಇನ್ನೊಂದು ಸಾಲಿಗೆ ಕೊಡುತ್ತಿತ್ತು, ಅದು ಮತ್ತೊಂದಕ್ಕೆ. ಕಡೆಗೆ ಸಿಕ್ಕಿದ್ದು, ಫೋನಿನ ಯಜಮಾನನ ಹೆಸರಿನಲ್ಲೇ ಅವನ ಪರಿಚಯದವರಿಗೆಲ್ಲ ಆನ್‌ಲೈನ್ ಜೂಜಿಗೆ ಕರೆ ಕಳಿಸುವ ಏರ್ಪಾಡು. ಅದೂ ಕೂಡಲೇ ಅಲ್ಲ. ಯಾರಿಗೂ ಸಂಶಯ ಬಾರದಂತೆ ಕೆಲವು ದಿನ ತೆಪ್ಪಗಿದ್ದು, ಆಮೇಲೆ.

ಫೋನ್ ಮಾಡಿದೆ. "ಭಾವ, ಆ ಆ್ಯಪ್ ಈಗ್ಲೇ ತೆಗೀರಿ. ಎಲ್ಲರಿಗೂ ತೆಗೀರಿ ಅಂತ ಹೇಳ್ರಿ."

"ಯಾಕ? ಎಷ್ಟ್ ಚಂದ ಐತೆ!"

"ಈಗ ಚಂದ ಐತೆ. ಇನ್ನೊಂದೆರಡು ದಿನ ಹೋದ್ರೆ ನಿಮ್ಮ ಹೆಸರಲ್ಲಿ ಊರಿನೋರನ್ನೆಲ್ಲ ಜೂಜಿಗೆ ಕರೀತೈತೆ."

"ಪೂಜೆ ಮಾಡಿದ ಪತ್ರಿಕೆ ಅದು. ಅಪಶಕುನ ನುಡೀಬ್ಯಾಡ" ಎಂದರು. ಅಕ್ಕ ಫೋನು ಕಸಿದುಕೊಂಡು, "ಒಳ್ಳೆ ಕೆಲಸಕ್ಕೆ ನಿಂದೊಂದು ಕೊಂಕು ಇರ್ಲೇಬೇಕಲ್ಲ" ಎಂದಳು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಚಿಕ್ಕಪ್ಪ ಓದದೆಯೇ ಕೈ ಮುಗಿದ ಚಿತ್ರ ಹಾಕಿದರು. ಗುಂಪಿನ ಅಡ್ಮಿನ್ ಆದ ಭಾವ ನನ್ನ ಬರಹವನ್ನೇ ಅಳಿಸಿಹಾಕಿದರು. ನೋವಾಯಿತು, ಸುಳ್ಳೇಕೆ ಹೇಳಲಿ.

ಕೆಲವು ದಿನ ತೆಪ್ಪಗಿದ್ದ ಆ್ಯಪ್ ಕಡೆಗೂ ಎದ್ದಿತು. "ನಾನು ಇಲ್ಲಿ ದಿನಾ ಆಡಿ ಗೆಲ್ಲುತ್ತಿದ್ದೇನೆ, ನೀವೂ ಬನ್ನಿ" ಎಂಬ ಕರೆ ಭಾವನ ನಂಬರಿನಿಂದ ಸೀದಾ ಬೀಗರಿಗೇ ಹೋಯಿತು. "ಜೂಜಾಡೋರ ಮನೆ ಹೆಣ್ಣು ನಮಗೆ ಬ್ಯಾಡ" ಎಂದುಬಿಟ್ಟರು ಹುಡುಗನ ತಂದೆ. ನಮ್ಮ ಕಡೆಯವರ ತೀರ್ಪೇ ಬೇರೆ: "ಚೆನ್ನಾಗೇ ಇತ್ತು, ಆಕಿ ಬಿಚ್ಚಿ ನೋಡಿದ್ಮ್ಯಾಲೇ ಕೆಟ್ಟಿದ್ದು!" ಅಕ್ಕ ಮಾತ್ರ ಅಳುತ್ತಾ, "ಬಾರೇ, ನೀನೇ ಬಂದು ಹೇಳಬೇಕು. ಮದುವೆ ಮುರಿದ್ರೆ ನನ್ನ ಮಗಳು ಉಳಿಯಂಗಿಲ್ಲ" ಎಂದಳು. ಹೋಗದಿರಲು ನಾನೇನು ಕಲ್ಲೇ?

ಅಕ್ಕ-ಭಾವನ ಜೊತೆ ನಂದಿಗುಡಿಗೆ ಹೋಗಿ, ಬೀಗರ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಅದೇ ಅಕ್ಕಿ, ಅದೇ ಕಲ್ಲಿನ ಕತೆ ಹೇಳಿದೆ. "ಇವರು ಕಳಿಸಿದ್ದಲ್ರಿ, ಅದೇ ಕಳಿಸೈತೆ. ನೀವೂ ಒತ್ತೀರಲ್ಲ, ನಿಮ್ಮ ಫೋನಿಂದಲೂ ಹೋಗಿರತೈತೆ ನೋಡ್ರಿ." ನೋಡಿದರೆ, ಹುಡುಗನ ತಂದೆಯ ಹೆಸರಿನ ಕರೆ ಅವರ ಮಠದ ಗುರುಗಳಿಗೇ ತಲುಪಿತ್ತು. ಹಿರಿಯರ ಮುಖ ಸಣ್ಣದಾಯಿತು. ಫೋನು ಮಗುಚಿಟ್ಟು ಅವರೇ ಕೇಳಿದರು: "ಎಲ್ಲ ಸರಿ ಮೇಡಂ. ಇಷ್ಟೆಲ್ಲ ತಿಳಿದೋರು ಮೊದ್ಲೇ ಯಾಕ ಹೇಳಲಿಲ್ಲ?"

ಭಾವ ನೆಲ ನೋಡಿದರು. ಅಕ್ಕ ಸೆರಗಿನ ತುದಿ ಹಿಂಡುತ್ತಾ ನನ್ನನ್ನೇ ನೋಡಿದಳು. "ಹೇಳಿದ್ದೆ" ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಆಡಿದರೆ ಭಾವ ಗೊತ್ತಿದ್ದೂ ಬೀಗರ ಮರ್ಯಾದೆ ಕಳೆದವರಾಗುತ್ತಾರೆ, ಕೂಡಿಬಂದ ಸಂಬಂಧ ಮತ್ತೆ ಕೈತಪ್ಪುತ್ತದೆ. "ನಂಗೂ ಆಮೇಲೇ ಗೊತ್ತಾಗಿದ್ದು ರೀ. ತಪ್ಪಾತು" ಎಂದೆ. ಒಳಗಿನಿಂದ ಚಹಾ ಬಂತು.

ಮದುವೆ ಸಾಂಗವಾಗಿ ನಡೆಯಿತು. ಊಟದ ಪಂಕ್ತಿಯಲ್ಲಿ ಭಾವ ನನ್ನನ್ನು ತೋರಿಸಿ ಬೀಗರ ಕಡೆಯವರಿಗೆ ಹೇಳುತ್ತಿದ್ದರು: "ನಮ್ಮ ನಾದಿನಿ. ಕಾಲೇಜಿನಾಗೆ ಕಂಪ್ಯೂಟರ್ ಹೇಳ್ತಾಳೆ. ಜಾಣೆನೇ, ಆದ್ರೆ ಪಾಪ, ಎಲ್ಲಾ ವಸಿ ತಡವಾಗಿ ಹೊಳೀತೈತೆ." ಎಲ್ಲರೂ ನಕ್ಕರು. ಅಕ್ಕ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದಳು. ಸಿಟ್ಟು ನೆತ್ತಿಗೇರಿದ್ದರೂ ನಾನೂ ನಕ್ಕೆ. ಆ ಆ್ಯಪಿನಂತೆ ನನ್ನಲ್ಲೂ ಹೊರಗೆ ಗಣಪತಿ, ನಾದಸ್ವರ ಎಲ್ಲ ಸರಿಯಾಗಿಯೇ ಇತ್ತು. ಒಳಗೆ ಮಾತ್ರ "ಹೇಳಿದ್ದೆ" ಎಂಬ ಒಂದು ಸಾಲು, ತನ್ನ ದಿನ ಬರಲೆಂದು ತೆಪ್ಪಗೆ ಕೂತಿದೆ. ಪುಣ್ಯಕ್ಕೆ, ನಮ್ಮ ಬಳಗದಲ್ಲಿ ಒತ್ತುವ ಮೊದಲು ಬಿಚ್ಚಿ ಓದುವವಳು ನಾನೊಬ್ಬಳೇ.