ಮಂಜೂರಾದ ಆತ್ಮಸಾಕ್ಷಿ

ದೊಡ್ಡಾಸ್ಪತ್ರೆಯ ಎಲ್ಲ ನೌಕರರಿಗೂ ಆತ್ಮಸಾಕ್ಷಿಯನ್ನು ಮಂಜೂರು ಮಾಡಿ ಆದೇಶ ಹೊರಡಿಸಲಾಯಿತು.

ಕಾನೂನು ಮೊದಲೇ ಇತ್ತು. ಬೇಡವಾದ ಬಸಿರನ್ನು ನಿಗದಿತ ವಾರಗಳೊಳಗೆ ತೆಗೆಸಿಕೊಳ್ಳುವ ಹಕ್ಕು ಹೆಂಗಸಿಗಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಆ ಕೆಲಸಕ್ಕೆ ಮನಸ್ಸೊಪ್ಪದ ನೌಕರರನ್ನು ಬಲವಂತ ಮಾಡಬಾರದು ಎಂಬುದಷ್ಟೇ ಆದೇಶದ ಉದ್ದೇಶ. ಕರಡು ಬರೆದ ಗುಮಾಸ್ತರ ಆತ್ಮಸಾಕ್ಷಿ ‘ಗರ್ಭಪಾತ’ ಎಂಬ ಪದವನ್ನು ಬರೆಯಲು ಒಪ್ಪಲಿಲ್ಲವಾದ್ದರಿಂದ ಅವರು ‘ಗರ್ಭಕ್ಕೆ ಸಂಬಂಧಿಸಿದ ಯಾವುದೇ ಕೆಲಸ’ ಎಂದು ಬರೆದರು. ಒಲ್ಲೆನೆಂದವರ ಕೆಲಸವನ್ನು ಬದಲಿ ಸಿಬ್ಬಂದಿಗೆ ವಹಿಸತಕ್ಕದ್ದು, ಬದಲಿ ಸಿಗದಿದ್ದರೆ ಕೆಲಸವನ್ನೇ ರದ್ದುಪಡಿಸತಕ್ಕದ್ದು ಎಂದೂ ಸೇರಿಸಿದರು. ಆತ್ಮಸಾಕ್ಷಿ ಪಡೆದವರು ಗುರುತಿಗಾಗಿ ಎದೆಯ ಮೇಲೆ ನೀಲಿ ಬಿಲ್ಲೆ ಧರಿಸಬೇಕಿತ್ತು.

ಮೊದಲ ದಿನ ಇಬ್ಬರು ಬಿಲ್ಲೆ ಪಡೆದರು. ಬಿಲ್ಲೆಯಿದ್ದವರಿಗೆ ಕೆಲಸ ಕಡಿಮೆ, ಸಂಬಳ ಅಷ್ಟೇ ಎಂಬುದು ಮಧ್ಯಾಹ್ನದ ಊಟದ ಹೊತ್ತಿಗೆ ತಿಳಿಯಿತು. ತಿಂಗಳು ತುಂಬುವಷ್ಟರಲ್ಲಿ ಆಸ್ಪತ್ರೆಯಲ್ಲಿ ಆತ್ಮಸಾಕ್ಷಿಯಿಲ್ಲದೆ ಉಳಿದದ್ದು ಎಕ್ಸ್‌ರೇ ಯಂತ್ರ ಒಂದೇ. ಅದು ಹೇಗೂ ಕೆಟ್ಟಿತ್ತು.

ವ್ಯಾನಕ್ಕ ಅಲ್ಲಿಗೆ ಬಂದದ್ದು ಇಂಥ ಸಮಯದಲ್ಲಿ. ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಒಯ್ದು ತರುವುದು ಅವಳ ಕೆಲಸ. ಮಕ್ಕಳು ಇಟ್ಟ ಹೆಸರೇ ಊರಿಗೆಲ್ಲ ರೂಢಿಯಾಗಿತ್ತು. ಮನೆಯಲ್ಲಿ ತನ್ನವು ಎರಡು, ವ್ಯಾನಿನಲ್ಲಿ ಪರರವು ಒಂದು ಹಿಂಡು. ಇನ್ನೊಂದು ಬೇಡವೆಂಬುದು ಅವಳಿಗೆ ಬಸಿರು ತಿಳಿದ ಗಳಿಗೆಯಲ್ಲೇ ತಿಳಿದಿತ್ತು. ಗಂಡನಿಗೆ ಹೇಳಿದಾಗ ಅವನು, ಹೊರುವವಳು ನೀನು, ಹೇಳುವವಳೂ ನೀನೇ ಎಂದು ಮಕ್ಕಳ ಬೂಟು ಒರೆಸುವುದನ್ನು ಮುಂದುವರಿಸಿದ. ಕಾನೂನು ಕೊಟ್ಟ ಗಡುವು ಮುಗಿಯುತ್ತ ಬಂದಿತ್ತು. ಜೊತೆಗೆ ಅತ್ತೆ ಹೊರಟರು. ಏಳು ಹೆತ್ತವರು ಅವರು; ಆಸ್ಪತ್ರೆಯವರನ್ನು ನಂಬುವವರಲ್ಲ.

ಲಿಫ್ಟಿನವನು ಬಸಿರು ತೆಗೆಯುವ ವಿಭಾಗವಿದ್ದ ಮೂರನೇ ಮಹಡಿಗೆ ಹೋಗುವ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. ಎರಡನೆಯದರವರೆಗೆ ಬಿಡುತ್ತೇನೆ, ಮುಂದಿನ ಮೆಟ್ಟಿಲುಗಳ ಪಾಪ ನಿಮ್ಮದು ಎಂದ. ಇಳಿಯುವಾಗ ಹೇಗಪ್ಪ ಎಂದು ಅತ್ತೆ ವಿಚಾರಿಸಿದರು. ಇಳಿಸುವುದಕ್ಕೆ ಅವನ ಆತ್ಮಸಾಕ್ಷಿಯ ಅಭ್ಯಂತರವಿರಲಿಲ್ಲ.

ಮೇಲೆ, ವೈದ್ಯರು ಎಲ್ಲಿದ್ದಾರೆಂದು ನರ್ಸಮ್ಮ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬೆರಳು ತೋರಿಸಿದರು. ಬೆರಳಿಗೆ ಬಿಲ್ಲೆ ಇರಲಿಲ್ಲ.

ವೈದ್ಯರು ಸೌಮ್ಯ ಸ್ವಭಾವದವರು. ಕುರ್ಚಿ ತೋರಿಸಿ, ಯಾಕೆ ಬೇಡ ಎಂದು ಕೇಳಿದರು.

“ನನಗೆ ಬೇಡ ಡಾಕ್ಟ್ರೇ.”

“ಅದು ಗೊತ್ತಾಯ್ತಮ್ಮ. ಕಾರಣ ಏನು?”

“ಅದೇ ಕಾರಣ.”

ವೈದ್ಯರು ‘ಕಾರಣ ನೀಡಿರುವುದಿಲ್ಲ’ ಎಂದು ಬರೆದುಕೊಂಡರು. ತಮ್ಮ ಆತ್ಮಸಾಕ್ಷಿ ಈ ಕೆಲಸಕ್ಕೆ ಸುತರಾಂ ಒಪ್ಪುವುದಿಲ್ಲವೆಂದರು. ಆಮೇಲೆ ದನಿ ತಗ್ಗಿಸಿ, ಸಂಜೆ ಎದುರು ಕಟ್ಟಡದ ತಮ್ಮ ಸ್ವಂತ ಕ್ಲಿನಿಕ್ಕಿಗೆ ಬಂದರೆ ಒಪ್ಪುತ್ತದೆ ಎಂದರು. ಬಿಲ್ಲೆ ಆಸ್ಪತ್ರೆಯ ಆಸ್ತಿ, ಗೇಟಿನಿಂದಾಚೆ ಒಯ್ಯುವಂತಿಲ್ಲ. ಅಲ್ಲಿನ ಶುಲ್ಕ ಕೇಳಿದಾಗ, ಅಷ್ಟಕ್ಕೆ ವ್ಯಾನನ್ನೇ ಮಾರಬೇಕಾಗುತ್ತದೆಂದು ವ್ಯಾನಕ್ಕನಿಗೆ ಅರ್ಥವಾಯಿತು.

“ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ,” ಎಂದರು ಅತ್ತೆ ಲಿಫ್ಟಿನಲ್ಲಿ ಇಳಿಯುತ್ತ. “ಈ ಪೂಜಾರಿ ಕೊಡ್ತಾನೆ. ಸಂಜೆ ಐದರ ಮೇಲೆ.”

ವ್ಯಾನಕ್ಕ ದೂರು ಕೊಟ್ಟದ್ದಕ್ಕೆ ಆಸ್ಪತ್ರೆಯ ಅಧೀಕ್ಷಕರು ಮರುದಿನವೇ ನೈತಿಕ ಸಮಿತಿಯ ಸಭೆ ಕರೆದರು. ಸಮಿತಿಯಲ್ಲಿ ಒಂದು ಕುರ್ಚಿ ಮಹಿಳೆಗೆ ಮೀಸಲು. ಆಕೆ ಹೆರಿಗೆ ರಜೆಯಲ್ಲಿದ್ದರಿಂದ ಕುರ್ಚಿಯನ್ನು ಒರೆಸಿ ಖಾಲಿ ಇಡಲಾಗಿತ್ತು. ಉಳಿದವರು ಚರ್ಚೆಗೆ ತೊಡಗಿದರು. ಗರ್ಭವೆಂದರೆ ಗುಡಿ ಎಂದು ಹಿರಿಯ ಸದಸ್ಯರು ಹೇಳಿದರು. ಗುಡಿಯಲ್ಲ, ಸಮಾಜದ ಸ್ವತ್ತು; ಹೊತ್ತವಳು ಉಸ್ತುವಾರಿ ಮಾತ್ರ ಎಂದು ಕಿರಿಯ ಸದಸ್ಯರು ತಿದ್ದಿದರು. ಉಸ್ತುವಾರಿಗೆ ಸಂಬಳ ಎಷ್ಟು ಎಂದು ಬಾಗಿಲ ಬಳಿಯಿಂದ ಅತ್ತೆ ಕೇಳಿದ್ದು ನಡಾವಳಿಯಲ್ಲಿ ಸೇರಲಿಲ್ಲ. ಮಹಿಳೆಯರ ಹಕ್ಕುಗಳ ಬಗ್ಗೆ ಆಸ್ಪತ್ರೆಗೆ ಅಪಾರ ಗೌರವವಿದೆ, ಆದ್ದರಿಂದಲೇ ಅವನ್ನು ಬಳಸಿ ಸವೆಸಬಾರದು ಎಂದು ಅಧೀಕ್ಷಕರು ಚರ್ಚೆಯನ್ನು ಮುಗಿಸಿದರು.

ವ್ಯಾನಕ್ಕ ಎದ್ದು ನಿಂತಳು.

“ಸಾರ್, ಇಲ್ಲಿರೋರಿಗೆಲ್ಲ ಆತ್ಮಸಾಕ್ಷಿ ಇದೆ. ನನಗೂ ಒಂದಿದೆ. ಅದನ್ನೂ ಒಂದು ಮಾತು ಕೇಳಬಹುದಲ್ಲ?”

ಅಧೀಕ್ಷಕರು ಆದೇಶವನ್ನು ತಿರುವಿ ನೋಡಿದರು. “ಇದು ನೌಕರರಿಗಮ್ಮ. ನೀವು ಸಾರ್ವಜನಿಕರು.”

“ಅಂದ್ರೆ ನನಗೆ ಆತ್ಮಸಾಕ್ಷಿ ಇಲ್ವಾ?”

“ಇಲ್ಲ ಅಂತ ನಾನೆಲ್ಲಿ ಹೇಳಿದೆ? ಮಂಜೂರಾಗಿಲ್ಲ, ಅಷ್ಟೇ.”

ಅತ್ತೆ ಸೊಸೆ ಇಬ್ಬರೂ ಅಂಗಳಕ್ಕೆ ಬಂದರು. ಆಂಬುಲೆನ್ಸು ಮರದ ಕೆಳಗೆ ನಿಂತಿತ್ತು. ಅದರ ಚಾಲಕ ಸ್ಟ್ರೆಚರಿನ ಮೇಲೆ ಎದೆಯ ಬಿಲ್ಲೆ ಏರಿಳಿಯುವಂತೆ ನಿದ್ದೆ ಮಾಡುತ್ತಿದ್ದ. ಗಾಡಿ ಹತ್ತುವ ಹೆಂಗಸು ಕೊನೆಗೆ ಯಾವ ಮಹಡಿಗೆ ಹೋಗುತ್ತಾಳೋ ಮೊದಲೇ ತಿಳಿಯುವುದು ಅಸಾಧ್ಯವಾದ್ದರಿಂದ, ಅವನ ಆತ್ಮಸಾಕ್ಷಿ ಗಾಡಿಯನ್ನು ಚಾಲೂ ಮಾಡುವುದನ್ನೇ ಬಿಟ್ಟಿತ್ತು. ರೋಗಿಗಳು ತಳ್ಳುಗಾಡಿಗಳಲ್ಲಿ ಬರುತ್ತಿದ್ದರು. ಗೋಡೆಯ ಮೇಲೆ ‘ಹಂಗಾಮಿ ಚಾಲಕರು ತುರ್ತಾಗಿ ಬೇಕಾಗಿದ್ದಾರೆ’ ಎಂಬ ಪ್ರಕಟಣೆ ಇತ್ತು.

ಅತ್ತೆ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. “ಹಂಗಾಮಿ ಅಂದ್ರೂ ನೌಕರಿಯೇ ತಾನೇ?”

ಸೊಸೆ ಅತ್ತೆಯ ಮುಖ ನೋಡಿದಳು. ಮದುವೆಯಾದ ಮೇಲೆ ಇಬ್ಬರಿಗೂ ಒಂದೇ ಯೋಚನೆ ಒಂದೇ ಹೊತ್ತಿಗೆ ಬಂದದ್ದು ಅದೇ ಮೊದಲು.

ಅಧೀಕ್ಷಕರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಲೈಸೆನ್ಸು ನೋಡಿದರು, ಶಾಲಾ ಸಮಯ ಬಿಟ್ಟು ಬರಬಹುದೆಂದು ಒಪ್ಪಿದರು, ಚಹಾ ಆರುವುದರೊಳಗೆ ನೇಮಕ ಮುಗಿಸಿದರು. ಬಿಲ್ಲೆಯನ್ನು ತಾವೇ ಚುಚ್ಚಿ, ಇಂದಿನಿಂದ ನಿಮಗೂ ಆತ್ಮಸಾಕ್ಷಿ ಇದೆ, ಜೋಪಾನ ಎಂದು ಅಭಿನಂದಿಸಿದರು.

“ಒಂದು ಕೆಲಸಕ್ಕೆ ಅದು ಒಪ್ತಾ ಇಲ್ಲ ಸಾರ್,” ಎಂದಳು ವ್ಯಾನಕ್ಕ.

“ಇಷ್ಟು ಬೇಗನಾ? ಯಾವ ಕೆಲಸ?”

“ಒಂದು ಹೆರಿಗೆ.”

“ನೀವು ಡ್ರೈವರ್. ಹೆರಿಗೆ ಮಾಡಿಸೋಕೆ ನಿಮಗೆ ಯಾರು ಹೇಳಿದ್ರು?”

“ಮಾಡಿಸೋದಲ್ಲ ಸಾರ್. ಹೆರೋದು.”

ಗುಮಾಸ್ತರನ್ನು ಕರೆಸಲಾಯಿತು. ಗರ್ಭಕ್ಕೆ ಸಂಬಂಧಿಸಿದ್ದೇ ಎಂಬ ಪ್ರಶ್ನೆಗೆ ಅವರು ಹೌದೆಂದರು. ಆದರೆ ಹೆರುವುದು ಕೆಲಸವೇ ಎಂಬಲ್ಲಿ ಗಾಡಿ ನಿಂತಿತು. ಅದು ಕೆಲಸವಲ್ಲ, ಭಾಗ್ಯ ಎಂಬುದು ಅಧೀಕ್ಷಕರ ಅಭಿಪ್ರಾಯ. ಭಾಗ್ಯಕ್ಕೆ ಆದೇಶ ಅನ್ವಯಿಸುವುದಿಲ್ಲ.

ಅತ್ತೆ ಸೆರಗು ಸರಿಮಾಡಿಕೊಂಡು ಮೇಜಿನ ಹತ್ತಿರ ಬಂದರು. “ಏಳು ಸಲ ಮಾಡಿದ್ದೀನಪ್ಪ. ಒಂದು ಸಲಾನೂ ಬೇಕಾ ಅಂತ ಯಾರೂ ಕೇಳಲಿಲ್ಲ. ಬೇಡ ಅನ್ನಬಹುದು ಅಂತ ನನಗೂ ಗೊತ್ತಿರಲಿಲ್ಲ. ಅದು ಕೆಲಸ ಅಲ್ಲ ಅನ್ನೋದಾದ್ರೆ, ನೀವು ಬೆಳಿಗ್ಗೆಯಿಂದ ಇಲ್ಲಿ ಕೂತು ಮಾಡ್ತಿರೋದು ಏನು ಅಂತ ಹೇಳಿ.”

ಅಧೀಕ್ಷಕರು ಬೆಳಿಗ್ಗೆಯಿಂದ ಮಾಡಿದ್ದನ್ನು ಮನಸ್ಸಿನಲ್ಲೇ ಪರಿಶೀಲಿಸಿದರು. ಹೆರಿಗೆಯನ್ನು ಕೆಲಸವೆಂದು ದಾಖಲಿಸಲಾಯಿತು.

ಇನ್ನು ಬದಲಿ ಸಿಬ್ಬಂದಿ. ಮಧ್ಯಾಹ್ನ ಧ್ವನಿವರ್ಧಕದಲ್ಲಿ ಪ್ರಕಟಣೆ ಕೇಳಿಬಂತು: “ಸಿಬ್ಬಂದಿಯ ಗಮನಕ್ಕೆ. ಆತ್ಮಸಾಕ್ಷಿಯ ಕಾರಣದಿಂದ ಒಂದು ಹೆರಿಗೆ ತೆರವಾಗಿದೆ. ಸದರಿ ಬಸಿರನ್ನು ಉಳಿದ ತಿಂಗಳುಗಳು ಹೊತ್ತು, ಹೆತ್ತು, ತರುವಾಯ ಸಾಕಿ ಬೆಳೆಸಲು ಇಚ್ಛಿಸುವವರು ಸಂಜೆಯೊಳಗೆ ಅಧೀಕ್ಷಕರನ್ನು ಕಾಣತಕ್ಕದ್ದು. ಹೆಚ್ಚುವರಿ ಭತ್ಯೆ ಇರುವುದಿಲ್ಲ.”

ಆ ಬಸಿರನ್ನು ಇನ್ನೊಬ್ಬರ ಹೊಟ್ಟೆಗೆ ದಾಟಿಸುವುದು ಹೇಗೆಂದು ಯಾರೂ ಕೇಳಲಿಲ್ಲ. ಅದು ತಾಂತ್ರಿಕ ವಿಚಾರ. ವ್ಯಾನಕ್ಕ ಹೊರಗಿನ ಬೆಂಚಿನ ಮೇಲೆ ಕುಳಿತು ಅಧೀಕ್ಷಕರ ಬಾಗಿಲನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ಇಲ್ಲದ ಹೆದರಿಕೆ ಅವಳಿಗೆ ಆಗ ಬಂತು. ಯಾರಾದರೂ ಒಬ್ಬ ಪುಣ್ಯಾತ್ಮ ಮಾತಿಗೆಂದು ಹೂಂ ಅಂದುಬಿಟ್ಟರೆ ಕೆಲಸ ರದ್ದಾಗುವುದಿಲ್ಲ. ಅವನ ಹೆಸರು ಬರೆದುಕೊಂಡು, ಹೊರುವುದನ್ನು ಮಾತ್ರ ತನ್ನಿಂದಲೇ ಮಾಡಿಸುತ್ತಾರೆ. ಈ ಜಾಗವನ್ನು ಇಷ್ಟರಲ್ಲೇ ಅವಳು ಅಷ್ಟು ಅರಿತಿದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡು ಕುಳಿತರು.

ಪುಣ್ಯಾತ್ಮರು ಒಬ್ಬೊಬ್ಬರಾಗಿ ಬಂದರು. ಗರ್ಭವನ್ನು ಗುಡಿ ಎಂದಿದ್ದ ಹಿರಿಯ ಸದಸ್ಯರಿಗೆ ಬೆನ್ನುನೋವಿತ್ತು. ಸಮಾಜದ ಸ್ವತ್ತು ಎಂದಿದ್ದ ಕಿರಿಯರು, ಸಮಾಜ ಎಂದದ್ದು ವಿಶಾಲ ಅರ್ಥದಲ್ಲಿ, ಅದರಲ್ಲಿ ತಾವು ಬರುವುದಿಲ್ಲ ಎಂದು ಸ್ಪಷ್ಟೀಕರಣ ಕೊಟ್ಟು ಹೋದರು. ವೈದ್ಯರು ರಜೆಯ ನಿಯಮಗಳನ್ನು ವಿಚಾರಿಸಿ, ಸಂಜೆಯ ಕ್ಲಿನಿಕ್ಕಿಗೆ ತೊಂದರೆಯಾಗುತ್ತದೆಂದರು. ಲಿಫ್ಟಿನವನು ಎರಡನೇ ತಿಂಗಳವರೆಗಾದರೆ ತಾನು ಸಿದ್ಧ, ಮುಂದಿನದು ಬೇರೆಯವರು ನೋಡಿಕೊಳ್ಳಲಿ ಎಂದ. ಎರಡನೇ ತಿಂಗಳು ಆಗಲೇ ಮುಗಿದಿತ್ತಾದ್ದರಿಂದ ಅವನ ತ್ಯಾಗವನ್ನು ಮೆಚ್ಚಿ ಕಳಿಸಲಾಯಿತು.

ದೀಪ ಹಚ್ಚುವ ಹೊತ್ತಿಗೆ ಅಧೀಕ್ಷಕರು ಷರಾ ಬರೆದರು: ‘ಬದಲಿ ಸಿಬ್ಬಂದಿ ಲಭ್ಯವಿಲ್ಲ. ಕೆಲಸವನ್ನು ರದ್ದುಪಡಿಸಲಾಗಿದೆ.’

ವೈದ್ಯರ ಆತ್ಮಸಾಕ್ಷಿಗೆ ಅಭ್ಯಂತರವಿದ್ದದ್ದು ಗರ್ಭಪಾತಕ್ಕೆ. ಕೆಲಸ ರದ್ದತಿಗೆ ಇರಲಿಲ್ಲ. ಅದು ಶುದ್ಧ ಆಡಳಿತಾತ್ಮಕ ವಿಷಯ. ಮರುದಿನ ಬೆಳಿಗ್ಗೆ, ಹಗಲು ಹೊತ್ತಿನಲ್ಲೇ, ಬಿಲ್ಲೆ ಧರಿಸಿಯೇ ರದ್ದುಪಡಿಸಿದರು. ಸಹೋದ್ಯೋಗಿಯಾದ್ದರಿಂದ ಲಿಫ್ಟು ಮೂರನೇ ಮಹಡಿಯವರೆಗೂ ಹೋಯಿತು. ನರ್ಸಮ್ಮ ಬಾಯಿಬಿಟ್ಟು ಮಾತಾಡಿದರು, ತಲೆದಿಂಬು ಸರಿಮಾಡಿದರು. ವ್ಯಾನಕ್ಕ ಮನೆಗೆ ಬಂದು ಒಂದು ಸುತ್ತು ನಿದ್ದೆ ಮಾಡಿ, ಎಚ್ಚರವಾದ ಮೇಲೆ ಜಗಳವಾಡುತ್ತಿದ್ದ ಮಕ್ಕಳನ್ನು ಮಲಗಿದಲ್ಲಿಂದಲೇ ಬೈದಳು. ಹಗುರಾಗಿದೆ ಎಂದು ಅತ್ತೆಗೆ ಹೇಳಿದಳು.

ಸುದ್ದಿಗೆ ಕಾಲು ಬೇಕಿಲ್ಲ. ಮುಂದಿನ ವಾರ ದರ್ಜಿಯ ಹೆಂಡತಿ ಆಂಬುಲೆನ್ಸಿನ ಹಂಗಾಮಿ ಚಾಲಕಿಯಾದಳು. ಅವಳ ಹಿಂದೆ ಕಾಲೇಜಿನ ಗ್ರಂಥಪಾಲಕಿ. ಅವಳ ಹಿಂದೆ ಒಂದು ಸಾಲು. ನೇಮಕವಾಗಿ ಬಿಲ್ಲೆ ಚುಚ್ಚಿಕೊಂಡು ಕೆಲವರು ತಮ್ಮ ಹೆರಿಗೆಯನ್ನು ರದ್ದುಪಡಿಸಿಕೊಂಡರು. ಇನ್ನು ಕೆಲವರು ಬಿಲ್ಲೆಯ ಮೇಲೆ ಕೈಯಿಟ್ಟು ಯೋಚಿಸಿ, ಇಲ್ಲ, ನನಗೆ ಮಗು ಬೇಕು ಎಂದು ನಗುತ್ತ ಮನೆಗೆ ಹೋದರು. ಎರಡಕ್ಕೂ ಆಸ್ಪತ್ರೆ ತಲೆದೂಗಿತು. ವರ್ಷದ ಕೊನೆಗೆ, ಅತಿ ಹೆಚ್ಚು ಮಹಿಳೆಯರಿಗೆ ಉದ್ಯೋಗ ಕೊಟ್ಟ ಸಂಸ್ಥೆಯೆಂದು ಅಧೀಕ್ಷಕರಿಗೆ ಶಾಲು ಹೊದಿಸಿದರು. ಆಂಬುಲೆನ್ಸು ಮಾತ್ರ ಒಂದೇ ಇತ್ತು. ಅದನ್ನು ಹೆಚ್ಚಿಸುವ ಪ್ರಸ್ತಾವ ಯಾರಿಗೂ ತೋಚಲಿಲ್ಲ.

ಸಮಸ್ಯೆ ಉಳಿದದ್ದು ಒಂದೇ: ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ನಿಯಮ ನಿಯಮವೇ. ಆದ್ದರಿಂದ ಶಾಲೆ ಬಿಟ್ಟ ಮೇಲೆ ಆಸ್ಪತ್ರೆಯ ಅಂಗಳದಲ್ಲಿ ವ್ಯಾನಕ್ಕನಿಂದ ಚಾಲನಾ ತರಬೇತಿ ಏರ್ಪಾಡಾಯಿತು. ಆಂಬುಲೆನ್ಸು ಮರವನ್ನು ಸುತ್ತುತ್ತಿತ್ತು, ಸರದಿಯವರು ಗೋಡೆಯ ನೆರಳಲ್ಲಿ ಕಾಯುತ್ತಿದ್ದರು.

ಒಂದು ಸಂಜೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಸ್ಟಿಯರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಕಣ್ಣನ್ನು ಮುಂದಕ್ಕೆ ನೆಟ್ಟುಕೊಂಡೇ ಮೆಲ್ಲಗೆ ಕೇಳಿದಳು.

“ಅಕ್ಕಾ, ಕಾನೂನಲ್ಲೇ ನಮಗೆ ಹಕ್ಕು ಇದೆಯಂತಲ್ಲ?”

“ಇದೆ,” ಎಂದಳು ವ್ಯಾನಕ್ಕ. “ಮೊದಲಿಂದಲೂ ಇದೆ. ಕ್ಲಚ್ ಒತ್ತು.”