ಫಿನೈಲಿಗೆ ಗೆಜ್ಜೆ ಕಟ್ಟಿದವಳು

ನಮ್ಮ ಮನೆಯಲ್ಲಿ ಎತ್ತಿಲ್ಲ, ಆಕಳಿಲ್ಲ, ಕಾಲ್ಗೆಜ್ಜೆ ಹಾಕಿಕೊಂಡು ಓಡಾಡುವ ಕೂಸೂ ಇಲ್ಲ. ಆದರೂ ಬೆಳಗಾದರೆ ಸಾಕು, ಮನೆ ತುಂಬ ಝಣ್ ಝಣ್! ಆಳಂದದ ನಮ್ಮ ಓಣಿಗೆ ಹೊಸದಾಗಿ ಬಂದವರು "ಎತ್ತು ಎಲ್ಲಿ ಕಟ್ಟೀರಿ?" ಎಂದು ಕೇಳುತ್ತಾರೆ. ಎತ್ತಲ್ಲ ತಾಯಂದಿರಾ, ಅದು ಫಿನೈಲು!

ಇದೆಲ್ಲ ನಮ್ಮ ನೆಗೆಣ್ಣಿಯ ಕೆಲಸ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮೂವತ್ತೈದು ವರ್ಷದಿಂದ ಒಂದೇ ಅಡುಗೆಮನೆಯಲ್ಲಿದ್ದೇವೆ, ಇಬ್ಬರೂ ಇನ್ನೂ ಜೀವಂತ ಇದ್ದೇವೆ ಎಂಬುದೇ ದೊಡ್ಡದು. ಆಕೆಯ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಆದರೆ ಹೋದ ವರ್ಷ ನನಗೆ ಕಾಣುತ್ತಲೇ ಇರಲಿಲ್ಲ! ಎಡಗಣ್ಣಿಗೆ ಪೂರ್ತಿ ಪೊರೆ, ಬಲಗಣ್ಣಿಗೆ ಅರ್ಧ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗ ಮೊದಲು ಮಾಡುವ ಕೆಲಸವೇ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುವುದು. ಕಟ್ಟೆಯ ಮೇಲೆ ಕೂತು ಸೊಸೆ ಕೊಟ್ಟದ್ದು ತಿನ್ನುವುದೇ? ನಾನೇ? ಗ್ಯಾಸಿನ ಉರಿಯನ್ನು ಸದ್ದಿನಿಂದ ಗುರುತಿಸಿ, ರೊಟ್ಟಿ ಬೆಂದದ್ದನ್ನು ವಾಸನೆಯಿಂದ ತಿಳಿದು, ಮನೆಯವರನ್ನೆಲ್ಲ ಏಮಾರಿಸಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ದೀಪಾವಳಿ ಮುಗಿದ ವಾರ ಫಿನೈಲು ಮಾರುವವ ಮೋಟರ್ ಸೈಕಲ್ ಮೇಲೆ ಬಂದ. ಯಾರೋ ಕುಡಿದು ಬಿಸಾಕಿದ ತಂಪು ಪಾನೀಯದ ಬಾಟಲಿಗಳಲ್ಲಿ ಫಿನೈಲು, ಆಸಿಡ್ ತುಂಬಿ ತರುತ್ತಾನೆ. ಅಂಗಡಿಗಿಂತ ಅಗ್ಗ. ಅಷ್ಟು ವರ್ಷ ಸುಮ್ಮನಿದ್ದ ನೆಗೆಣ್ಣಿ ಅವತ್ತು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಇದ್ರ ಮ್ಯಾಲ ಏನ್ ಚಿತ್ರ ಅದ ಅಣ್ಣಾ?"

"ಕಿತ್ತಳಿ ಹಣ್ಣ್ರಿ ಅವ್ವಾ."

"ಒಳಗ ಏನದ?"

"ಆಸಿಡ್ರಿ. ಅಸಲಿ ಮಾಲು!"

"ಕಿತ್ತಳಿ ಚಿತ್ರ ಅದ ಅಂದ್ರ ಕುಡೀಬಹುದು. ಮೊದಲ ನೀ ಒಂದ್ ಗುಟುಕು ಕುಡಿ, ಆಮ್ಯಾಲ ನಾ ತಗೊಳ್ತೇನಿ."

"ಯಪ್ಪಾ! ಸಾಯ್ತೇನ್ರಿ!"

"ಹಂಗಂತ ಇದ್ರ ಮ್ಯಾಲ ಎಲ್ಲಿ ಬರದದ? ತೋರ್ಸು."

ಪಾಪ, ಅವನು ಬಾಟಲಿ ತಿರುಗಿಸಿ ತಿರುಗಿಸಿ ಹುಡುಕಿದ! ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ನನಗೆ ನಾಚಿಕೆಯಾಯಿತು.

"ಸುಮ್ನಿರ ಬೇ! ಇಪ್ಪತ್ತು ವರ್ಷದಿಂದ ಇಂಥಾ ಬಾಟ್ಲಿನೇ ತಗೊಳ್ಳಾಕತ್ತೇನಿ. ಯಾರ್ ಸತ್ತಾರ?" ಎಂದು ಬೈದು, ಫಿನೈಲು ಒಂದು, ಆಸಿಡ್ ಒಂದು ಕೊಂಡೇಬಿಟ್ಟೆ. ಹಿರಿಯಳು ನಾನೋ, ಅವಳೋ?

ನೆಗೆಣ್ಣಿ ಸೀದಾ ಬಜಾರಿಗೆ ಹೋದಳು. ಬರುವಾಗ ಕೈಯಲ್ಲಿ ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಗಳು! ಕೆಂಪು ದಾರ ಪೋಣಿಸಿ ಫಿನೈಲಿಗೆ ಎರಡು, ಆಸಿಡ್ಡಿಗೆ ಮೂರು ಕಟ್ಟಿದಳು. ಇಲಿ ಪಾಷಾಣದ ಡಬ್ಬಿಗೆ, ಸೊಳ್ಳೆ ಓಡಿಸುವ ಎಣ್ಣೆಗೆ ಒಂದೊಂದು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ.

"ಯಾರ ಸಲುವಾಗಿ ಬೇ ಇದು? ಈ ಮನ್ಯಾಗ ಎಲ್ಲಾರಕಿಂತ ಸಣ್ಣಾಂವ ನನ್ನ ಮೊಮ್ಮಗ. ಅವಗ ಮೀಸಿ ಬಂದಾವ!"

"ಇರ್ಲಿ ಬಿಡ್ರಿ ಅಕ್ಕಾ."

ಮೂಗಿನ ತುದಿಯಲ್ಲಿ ಕೋಪವಿರುವ ಹೆಂಗಸು, ಇದೊಂದಕ್ಕೆ ಮಾತ್ರ "ಇರ್ಲಿ ಬಿಡ್ರಿ"!

ಮುಂದಿನ ತಿಂಗಳು ಇಬ್ಬರೂ ಗಾಣಗಾಪುರಕ್ಕೆ ಹೋದೆವು. ದರ್ಶನ ಮುಗಿಸಿ ಬರುವ ದಾರಿಯಲ್ಲಿ ಒಬ್ಬ ಟೇಬಲ್ ಹಾಕಿಕೊಂಡು ಕೂತಿದ್ದ. ಚೀಟಿ ತುಂಬಿದರೆ ಪ್ಲಾಸ್ಟಿಕ್ ಡಬ್ಬಿ ಪುಕ್ಕಟೆ. ಪುಕ್ಕಟೆ ಎಂದರೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ.

"ಹೆಸರ್ ಹೇಳ್ರಿ, ಫೋನ್ ನಂಬರ್ ಹೇಳ್ರಿ. ಮನ್ಯಾಗ ಯಾರಿಗರೆ ಶುಗರ್, ಬಿಪಿ, ಕಣ್ಣಿಗೆ ಪೊರಿ ಏನರೆ ಅದ ಏನ್ರಿ?"

ಪೊರೆ! ಇವನಿಗೆ ಹೇಗೆ ಗೊತ್ತು? ನಾನು ಬಾಯಿ ತೆರೆಯುವುದರೊಳಗೆ ನೆಗೆಣ್ಣಿ ಮುಂದೆ ಬಂದಳು.

"ನಿಮ್ಮ ಮನ್ಯಾಗ ಯಾರಿಗೆ ಮೂಲವ್ಯಾಧಿ ಅದ ತಮ್ಮಾ? ಮೊದಲ ಅದನ್ನ ಹೇಳು."

ಅವನ ಪೆನ್ನು ಕೆಳಗೆ ಬಿತ್ತು. "ಅದ್ಯಾಕ್ರಿ ನಿಮಗ?"

"ಹಂಗಾದ್ರ ನಮ್ಮನಿ ರೋಗ ನಿನಗ್ಯಾಕ? ನಮ್ಮ ರೋಗ ನಮ್ಮವು. ಊರಿಗೆ ಹಂಚಾಕ ಅವೇನ್ ಪ್ರಸಾದ ಅಲ್ಲ."

"ಹೋಗ್ಲಿ, ಬರೇ ಹೆಸರರೆ ಹೇಳ್ರಿ."

"ನನ್ನ ಹೆಸರ ಹಿಡದು ನನ್ನ ಗಂಡನೇ ಇಲ್ಲೀತನ ಕರದಿಲ್ಲ. ನೀ ಯಾರು?"

ಡಬ್ಬಿ ಹೋಯಿತು. ಬಸ್ಸಿನಲ್ಲಿ ಆಳಂದದ ತನಕ ನಾನು ಆಕೆಯನ್ನು ಮಾತಾಡಿಸಲಿಲ್ಲ. ಹೆಸರು ಯಾಕೆ ಬರೆಯಲಿಲ್ಲ ಎಂಬುದು ಈಗ ತಿಳಿಯಿತಲ್ಲ?

ಇಷ್ಟು ಗುಟ್ಟು ಕಾಯುವವಳು ಬಚ್ಚಲಿನ ಗುಟ್ಟನ್ನು ಕಾದಳೇ? ಇಲ್ಲ! ಜೇವರ್ಗಿಯಿಂದ ಬೀಗರು ಬಂದರು, ಬಹಳ ಮರ್ಯಾದಸ್ಥರು. ಬಚ್ಚಲಿಗೆ ಹೋದವರು ಹೊರಗೆ ಬರುವ ಮುಂಚೆ ಸ್ವಲ್ಪ ಫಿನೈಲು ಹಾಕೋಣ ಎಂದು ಬಾಟಲಿ ಎತ್ತಿದ್ದಾರೆ. ಝಣ್ ಝಣ್ ಝಣ್! ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಹನ್ನೆರಡು ಮಂದಿ ಒಟ್ಟಿಗೆ ಬಚ್ಚಲಿನ ಬಾಗಿಲು ನೋಡಿದರು. ಬೀಗರು ಕಾಲು ಗಂಟೆ ಹೊರಗೆ ಬರಲಿಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಅಂಗಳದಲ್ಲಿ ಸಂಡಿಗೆ ಹಾಕಿ ಒಳಗೆ ಬಂದೆ. ಗಂಟಲು ಒಣಗಿ ಹೋಗಿತ್ತು. ಬಿಸಿಲಿನಿಂದ ಒಳಗೆ ಬಂದರೆ ಒಳ್ಳೆಯ ಕಣ್ಣಿಗೇ ಕತ್ತಲೆ, ನನ್ನದಂತೂ ಮುಗಿಯಿತು. ಅಡುಗೆ ಕಟ್ಟೆಯ ಮೇಲೆ ನನ್ನ ನೀರಿನ ಬಾಟಲಿ ಇರುವ ಜಾಗಕ್ಕೆ ಕೈ ಚಾಚಿದೆ. ಸಿಕ್ಕಿತು. ಕಟ್ಟೆಯ ಮೇಲೆ ಇದ್ದಂತೆಯೇ ಮುಚ್ಚಳ ತಿರುಗಿಸಿ, ಬಾಯಿಗೆ ಎತ್ತಿದೆ.

ಝಣ್!

ಕೈ ಅಲ್ಲಿಯೇ ನಿಂತಿತು. ಸೊಸೆ ಮೋರಿ ತಿಕ್ಕಿ ಆಸಿಡ್ ಬಾಟಲಿಯನ್ನು ಅಲ್ಲೇ ಮರೆತಿದ್ದಳು. ನಾನೇ ಹಟ ಮಾಡಿ ಕೊಂಡ ಬಾಟಲಿ! ಮೂಗಿಗೆ ಘಾಟು ಬಂದದ್ದು ಆಮೇಲೆ.

ಬಾಗಿಲಲ್ಲಿ ನೆಗೆಣ್ಣಿ ನಿಂತಿದ್ದಳು. ಚೀರಲಿಲ್ಲ. ಬಂದು ಬಾಟಲಿ ಇಸಿದುಕೊಂಡಳು, ತಂಬಿಗೆಯಲ್ಲಿ ನೀರು ಕೊಟ್ಟಳು. ಕುಡಿದೆ.

"ಯಾವಾಗಿಂದ ಗೊತ್ತ ನಿನಗ?"

"ದೀಪಾವಳಿ ಮುಂದ ನೀವು ಬ್ಯಾಳಿಗೆ ಉಪ್ಪಂತ ಸಕ್ಕರಿ ಹಾಕಿದ್ರಲ್ರಿ, ಅವತ್ತಿಂದ."

ನೆನಪಾಯಿತು. ಅವತ್ತು ಯಾರೂ ರುಚಿ ನೋಡುವ ಮೊದಲೇ ಬೇಳೆಯ ಗಡಿಗೆಯನ್ನು ಚೆಲ್ಲಿ, ಕೈ ಜಾರಿತು ಎಂದು ಹೇಳಿ ಆಕೆ ಮನೆಯವರೆಲ್ಲರ ಕೈಯಲ್ಲಿ ಬೈಸಿಕೊಂಡಿದ್ದಳು. ಎಲ್ಲರಿಗಿಂತ ಹೆಚ್ಚು ಬೈದವಳು ನಾನು!

"ಯಾರಿಗೂ ಯಾಕ ಹೇಳಲಿಲ್ಲ ಬೇ?"

"ನಿಮ್ಮ ಕಣ್ಣು ನಿಮ್ಮವು ಅಕ್ಕಾ. ನಾ ಯಾಕ ಊರಿಗೆ ಹಂಚಲಿ?"

ಆ ಸಂಜೆ ಮಗನಿಗೆ ನಾನೇ ಹೇಳಿದೆ. ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದಾಗ ಮೊದಲು ಕಂಡದ್ದು ಅಡುಗೆಮನೆಯ ಗೋಡೆಯ ಜಿಡ್ಡು. ಎದೆ ಒಡೆಯಿತು! ಎರಡನೆಯದು ನೆಗೆಣ್ಣಿಯ ತಲೆ. ಇಷ್ಟು ಬೆಳ್ಳಗೆ ಯಾವಾಗ ಆಯಿತು? ಒಲೆ ಮಾತ್ರ ನನಗೇ ಉಳಿಯಿತು. ಅಂದಿನಿಂದ ಮುಚ್ಚಿದ, ಹೆಸರು ಬರೆದ ಬಾಟಲಿಯನ್ನೇ ಅಂಗಡಿಯಿಂದ ತರುತ್ತೇನೆ. ಕುಡಿಯುವ ಬಾಟಲಿಯಲ್ಲಿ ವಿಷ ತುಂಬಬೇಡಿ, ತುಂಬಿದ್ದನ್ನು ಕೊಳ್ಳಬೇಡಿ. ನನ್ನಂಥ ಮೂರ್ಖಳು ಓಣಿಗೆ ಒಬ್ಬಳು ಸಾಕು.

"ಇನ್ನರೆ ಗೆಜ್ಜಿ ಬಿಚ್ಚ ಬೇ, ನನಗ ಕಾಣಸ್ತದ," ಎಂದೆ.

"ಇರ್ಲಿ ಬಿಡ್ರಿ ಅಕ್ಕಾ."

ಹೋದ ವಾರ ಊಟಕ್ಕೆ ಕೂತಾಗ ಮಗ ಕಟಕ್ಕನೆ ಕಲ್ಲು ಕಡಿದ. "ಬ್ಯಾಳಿ ಯಾರ್ ಹಸನ ಮಾಡ್ಯಾರ?" ಎಂದು ಚೀರಿದ. ಹಸನು ಮಾಡಿದವಳು ನೆಗೆಣ್ಣಿ. ಮೊರವನ್ನು ಮೂಗಿನ ತನಕ ಎತ್ತಿ ಹಿಡಿದು ಆರಿಸುವುದನ್ನು ನನ್ನ ಹೊಸ ಕಣ್ಣು ಎರಡು ದಿನದಿಂದ ನೋಡುತ್ತಿತ್ತು.

"ನಾನೇ," ಎಂದೆ. "ಹೊಸ ಕಣ್ಣು, ಇನ್ನಾ ಬರಾಬರ ಕೂತಿಲ್ಲ."

ಮಗ ಗೊಣಗಿದ. ನೆಗೆಣ್ಣಿ ತಲೆ ಎತ್ತಲಿಲ್ಲ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆಕೆಯ ಕಣ್ಣು ಆಕೆಯದು. ಬಾಯಿಬಿಟ್ಟು ಹೇಳಿದ ದಿನ ನಾನೇ ಕೈಹಿಡಿದು ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ತನಕ ನಮ್ಮ ಮನೆಯ ಬೇಳೆ ಎರಡು ಸಲ ಹಸನಾಗುತ್ತದೆ: ಒಮ್ಮೆ ಆಕೆ ಮಾಡುತ್ತಾಳೆ, ಆಕೆ ಎದ್ದು ಹೋದ ಮೇಲೆ ಒಮ್ಮೆ ನಾನು.